ಸಿಡಿಲಕ್ಕ ಬೈಯದೆ ಮಾರಿದ ಡಬ್ಬಿ

ಆಟಿಕೆ ಅಂಗಡಿಯಲ್ಲಿ ಕೆಲಸ ಮಾಡುವವರು ನಗುನಗುತ್ತಾ ಇರಬೇಕು ಅಂತ ಯಾರು ಹೇಳಿದರೋ, ಅವರು ಸಿಡಿಲಕ್ಕನನ್ನು ನೋಡಿರಲಿಕ್ಕಿಲ್ಲ. ಅದು ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯರು ಇಟ್ಟ ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಧೈರ್ಯ ಬಂದು ಮುಖದೆದುರೇ ಕರೆದರು, ಅವಳೂ ಓಗೊಟ್ಟಳು. ಕೋಪ ಅವಳ ಮೂಗಿನ ತುದಿಯಲ್ಲಿ ಇರುತ್ತಿತ್ತು ಅಂದರೆ ಕಡಿಮೆಯಾಯಿತು, ಅದು ಅಲ್ಲಿಂದ ಕೆಳಗಿಳಿದದ್ದನ್ನು ಕಂಡವರೇ ಇಲ್ಲ.

ಅಂಗಡಿಯ ಹಿಂಬದಿಯ ಗೋಡೆ ಪೂರ್ತಿ ಅವಳ ಪಾಲು. ಜೋಡಿಸುವ, ಕಟ್ಟುವ ಆಟಿಕೆಗಳೆಲ್ಲ ಅಲ್ಲೇ. ಕೆಳಗಿನ ಹಲಗೆಯಲ್ಲಿ ಮಗುವಿನ ಎರಡೂ ಕೈಗೆ ತುಂಬುವಂಥ ದಪ್ಪ ದಪ್ಪ ಬ್ಲಾಕ್ಸ್. ಮೇಲೆ ಹೋದ ಹಾಗೆಲ್ಲ ಡಬ್ಬಿಯೊಳಗಿನ ತುಂಡುಗಳು ಸಣ್ಣವಾಗುತ್ತವೆ, ಡಬ್ಬಿಯ ಮೇಲಿನ ಚಿತ್ರಗಳು ಭಾರಿಯಾಗುತ್ತವೆ: ಕ್ರೇನು, ಸೇತುವೆ, ಹತ್ತಂತಸ್ತಿನ ಕಟ್ಟಡ. ಬಂದವರ ಕಣ್ಣು ಹೋಗುವುದು ಮೇಲಕ್ಕೇ. ಮಗುವಿಗಿನ್ನೂ ನೆಟ್ಟಗೆ ಹಲ್ಲು ಬಂದಿರುವುದಿಲ್ಲ, ಇವರಿಗೆ ಅದು ಸೇತುವೆ ಕಟ್ಟಬೇಕು!

"ಎಷ್ಟು ವಯಸ್ಸು?" ಎಂದು ಸಿಡಿಲಕ್ಕ ಕೇಳುತ್ತಿದ್ದಳು.

"ಒಂದೂವರೆ. ಆದ್ರೆ ತುಂಬಾ ಚುರುಕು."

"ಚುರುಕಾಗಿದ್ರೆ ಇನ್ನೂ ಬೇಗ ನುಂಗತ್ತೆ. ಕೆಳಗಿನ ಹಲಗೆ ನೋಡಿ."

ಗಿರಾಕಿ ಮುಖ ಸಿಂಡರಿಸಿದರೆ ಮುಗಿಯಿತು. "ಅದೇ ಬೇಕು ಅಂದ್ರೆ ಪಕ್ಕದ ಬೀದಿ ಅಂಗಡಿಗೆ ಹೋಗಿ. ಅಲ್ಲಿ ವಿಷ ಕೇಳಿದ್ರೂ ಬಣ್ಣದ ಕಾಗದ ಸುತ್ತಿ ಕೊಡ್ತಾರೆ" ಎಂದು ಬೆನ್ನು ತಿರುಗಿಸಿಬಿಡುವಳು. ಒಳಗೆ ಕೂತ ಯಜಮಾನರು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಓಡಿಸಿಬಿಡೋಣ ಅಂದರೆ, ಬೈಸಿಕೊಂಡು ಹೋದವರೇ ಎರಡನೇ ಮಗುವಾದ ಮೇಲೆ "ಆ ಬೈಯೋ ಅಮ್ಮ ಇದ್ದಾರಾ?" ಅಂತ ಹುಡುಕಿಕೊಂಡು ಬರುತ್ತಿದ್ದರು. ಮಕ್ಕಳ ಮೇಲೆ ಅವಳಿಗೆ ಪ್ರೀತಿ ಉಕ್ಕಿ ಹರಿಯುತ್ತಿತ್ತು ಅಂದುಕೊಳ್ಳಬೇಡಿ, ಅಂಥದ್ದೇನೂ ಇಲ್ಲ. ತನ್ನ ಕೈಯಿಂದ ಹೋದ ಡಬ್ಬಿಯಿಂದ ಯಾರಿಗೂ ಕೇಡಾಗಬಾರದು, ಅಷ್ಟೇ. ಅದೊಂದು ಹಟ. ಆ ಹಟ ಬಿಟ್ಟರೆ ಅವಳ ಬಾಳಿನಲ್ಲಿ ಹೆಮ್ಮೆ ಪಡುವಂಥದ್ದು ಬೇರೆ ಏನೂ ಇರಲಿಲ್ಲ.

ಇನ್ನು ಅವಳ ತಮ್ಮನ ಹೆಂಡತಿ. ಇಬ್ಬರೂ ಹಾವು ಮುಂಗುಸಿ. ಶುರುವಾದದ್ದು ಆಸ್ಪತ್ರೆಯಲ್ಲಿ. ತಮ್ಮನಿಗೆ ಗಂಡು ಮಗು ಆಯಿತು ಎಂದು ಸಿಡಿಲಕ್ಕ ಅಂಗಡಿಯಿಂದ ನೇರವಾಗಿ ಓಡಿದ್ದಳು. ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮಗುವಿಗೆ ಕೈಚಾಚಿದಾಗ ಬಾಣಂತಿ, ಕೋಣೆ ತುಂಬ ಇದ್ದ ಜನರ ಎದುರಿಗೆ, "ಮುಟ್ಬೇಡಿ ಅತ್ತಿಗೆ. ಊರವರೆಲ್ಲ ಮುಟ್ಟಿದ್ದನ್ನ ಮುಟ್ಟಿ ಬಂದಿದ್ದೀರಾ" ಅಂದಳು. ಮಾತು ತಪ್ಪಲ್ಲ, ಹೇಳಿದ ರೀತಿ ಇತ್ತಲ್ಲ, ಅದು ಮೈಯೆಲ್ಲ ಉರಿಸಿತು. "ನಿನ್ನ ಮಗೂನ ನೀನೇ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೋ" ಎಂದು ಹೇಳಿ ಬಂದವಳು ಮತ್ತೆ ತಮ್ಮನ ಮನೆ ಮೆಟ್ಟಿಲು ತುಳಿಯಲಿಲ್ಲ. ಮಗು ಕೂತಿತು, ನಿಂತಿತು, ನಡೆಯಿತು. ಎಲ್ಲವನ್ನೂ ಬೇರೆಯವರ ಬಾಯಿಂದ ಕೇಳಿದಳು, ಕೇಳಿದಾಗಲೆಲ್ಲ "ನಂಗೇನು?" ಅಂದಳು.

ಅಂಥವಳ ಮುಂದೆ ಒಂದು ಬೆಳಿಗ್ಗೆ ಆ ಮಹಾರಾಯಿತಿಯೇ ಬಂದು ನಿಂತಳು. ಜೊತೆಗೆ ನೆರೆಮನೆಯಾಕೆ. ಮಗು ಇರಲಿಲ್ಲ.

"ಇವರು ನಮ್ಮ ಅತ್ತಿಗೆ. ಇಲ್ಲಿ ಕೆಲಸಕ್ಕಿದ್ದಾರೆ" ಎಂದು ನೆರೆಮನೆಯಾಕೆಗೆ ತೋರಿಸಿದಳು, ನೆಲ ಒರೆಸುವ ಬಟ್ಟೆಯನ್ನು ತೋರಿಸಿದ ಹಾಗೆ. ಆಮೇಲೆ ಮೇಲಿನ ಹಲಗೆಯತ್ತ ಬೆರಳು ಮಾಡಿದಳು. "ಆ ಕ್ರೇನ್ ಡಬ್ಬಿ ಕೊಡಿ ಅತ್ತಿಗೆ. ನಮ್ಮ ಪುಟ್ಟ ಎಲ್ಲಾ ಮಕ್ಕಳ ಥರ ಅಲ್ಲ, ದೊಡ್ಡ ದೊಡ್ಡದೆಲ್ಲ ಅವನಿಗೆ ಅರ್ಥ ಆಗತ್ತೆ. ಅಯ್ಯೋ, ನಿಮಗೆ ಹೇಗೆ ಗೊತ್ತಾಗಬೇಕು? ನೀವು ಅವನನ್ನ ಎತ್ಕೊಂಡೇ ಇಲ್ಲ ಅಲ್ವಾ!"

ನೆರೆಮನೆಯಾಕೆ ಕಿಸಕ್ಕೆಂದಳು. ಸಿಡಿಲಕ್ಕನ ನಾಲಿಗೆಯ ತುದಿಗೆ ಬೈಗುಳ ಬಂದು ನಿಂತಿತ್ತು. ಬೇರೆ ಯಾರೇ ಆಗಿದ್ದರೂ ಅದು ಹೊರಗೆ ಬಿದ್ದು, ಆ ಡಬ್ಬಿ ಇದ್ದಲ್ಲೇ ಉಳಿಯುತ್ತಿತ್ತು. ಆದರೆ ಎದುರಿಗಿದ್ದವಳು ಇವಳು. ಸಿಡಿಲಕ್ಕ ಬಾಯಿ ಮುಚ್ಚಿಕೊಂಡಳು, ಸ್ಟೂಲು ಹತ್ತಿ ಡಬ್ಬಿ ಇಳಿಸಿದಳು, ಧೂಳು ಒರೆಸಿದಳು. ಇವಳೊಂದಿಗೆ ಎಂದೂ ಏಕವಚನ ಬಿಟ್ಟು ಮಾತಾಡದವಳು, "ಹೌದು, ನಿಮ್ಮಂಥವರ ಮಗುಗೆ ಕೆಳಗಿನ ಹಲಗೇದು ಯಾಕೆ? ಇದೇ ಸರಿ" ಎಂದು ಚೀಲಕ್ಕೆ ಹಾಕಿ ಕೊಟ್ಟಳು.

ತುಂಡುಗಳು ಮನೆಯೆಲ್ಲ ಚೆಲ್ಲಾಡಿ ಅವಳ ಕಾಲಿಗೆ ಚುಚ್ಚಲಿ ಅಂತಲೇ ಕೊಟ್ಟೆ ಎಂದು ತನಗೆ ತಾನೇ ಹೇಳಿಕೊಂಡಳು. ಡಬ್ಬಿಯ ಮೇಲೆ ವಯಸ್ಸು ಅಚ್ಚು ಹಾಕಿದ್ದಾರೆ, ಓದೋಕೆ ಬರಲ್ವಾ ಆ ಓದಿದವಳಿಗೆ ಎಂದೂ ಹೇಳಿಕೊಂಡಳು. ಸುಳ್ಳು ಹೇಳಿಕೊಳ್ಳುವುದರಲ್ಲಿ ಮನುಷ್ಯರಿಗೆ ಯಾರೂ ಪಾಠ ಮಾಡಬೇಕಿಲ್ಲ.

ಮಧ್ಯಾಹ್ನ ಒಬ್ಬ ಅಪ್ಪ ಬಂದ. ಕಂಕುಳಲ್ಲಿದ್ದ ಮಗು ಅವನ ಅಂಗಿಯ ಗುಂಡಿಯನ್ನು ಚೀಪುತ್ತಿತ್ತು. ಅವನು ಕೇಳಿದ್ದೂ ಅದೇ ಕ್ರೇನಿನ ಡಬ್ಬಿ. ಸಿಡಿಲಕ್ಕ ಎಂದಿನಂತೆ ಹರಿಹಾಯ್ದಳು.

"ತಲೆಗಿಲೆ ಕೆಟ್ಟಿದೆಯೇನ್ರೀ? ಅದರ ಚಕ್ರ ನೋಡಿದ್ದೀರಾ, ಕಡಲೆಬೀಜದಷ್ಟಿದೆ. ಗಂಟಲಿಗೆ ಬಿರಡೆ ಹಾಕಿದ ಹಾಗೆ ಕೂತ್ಕೊಳ್ಳತ್ತೆ. ಆಮೇಲೆ ಗೊತ್ತಿದ್ದೂ ಗೊತ್ತಿದ್ದೂ ಮಾರಿದವಳು ಇವಳೇ ಅಂತ ನನ್ನ..."

ಅಲ್ಲಿಗೆ ಮಾತು ನಿಂತಿತು. ಅವಳು ಫೋನಿಗೆ ತಡಕಾಡಿದಳು. ಆ ಅಪ್ಪ "ಏನಾಯ್ತಮ್ಮ?" ಎಂದು ಕೇಳುತ್ತಲೇ ಇದ್ದ.

ತಮ್ಮನಿಗೆ ಫೋನ್ ಮಾಡಿದಳು. ಅವನು ಲಿಫ್ಟ್ ರಿಪೇರಿಯವನು, ಯಾವುದೋ ಕಟ್ಟಡದಲ್ಲಿ ಲಿಫ್ಟಿನ ಗುಂಡಿಗೆ ಇಳಿದಿದ್ದ. "ಅಕ್ಕಾ, ನಿಮ್ಮಿಬ್ಬರ ಜಗಳ ಈಗ ಬೇಡ, ಕೈ ತುಂಬ ಗ್ರೀಸಿದೆ" ಎಂದು ಇಟ್ಟೇಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಅವನ ಹೆಂಡತಿಯ ನಂಬರು ಇವಳ ಹತ್ತಿರ ಇರಲಿಲ್ಲ, ಅಳಿಸಿಹಾಕಿದವಳು ತಾನೇ. ಕೆಳಗಿನ ಹಲಗೆಯಿಂದ ದೊಡ್ಡ ಬ್ಲಾಕ್ಸಿನ ಡಬ್ಬಿಯೊಂದನ್ನು ಎಳೆದುಕೊಂಡು, "ಸಂಬಳದಲ್ಲಿ ಹಿಡ್ಕೊಳ್ಳಿ" ಎಂದು ಯಜಮಾನರಿಗೆ ಕೂಗಿ, ಅವರು "ಅಂಗಡಿ ಏನು ಛತ್ರಾನಾ?" ಎಂದು ಎದ್ದು ನಿಲ್ಲುವಷ್ಟರಲ್ಲಿ ರಸ್ತೆಯಲ್ಲಿದ್ದಳು.

ತಮ್ಮನ ಮನೆ, ಮೂರನೇ ಮಹಡಿ. ಬಾಗಿಲು ಸರಪಳಿಯಷ್ಟೇ ತೆರೆಯಿತು.

"ಏನ್ ಅತ್ತಿಗೆ, ದಾರಿ ತಪ್ತಾ?"

"ಆ ಡಬ್ಬಿ ಕೊಡು. ಇದನ್ನ ಇಟ್ಕೋ." ಸಿಡಿಲಕ್ಕ ಏದುಸಿರು ಬಿಡುತ್ತಿದ್ದಳು. "ಅದು ಅವನ ವಯಸ್ಸಿಗಲ್ಲ. ತುಂಡು ಚಿಕ್ಕದು, ಗಂಟಲಿಗೆ ಸಿಕ್ಕತ್ತೆ."

"ಬೆಳಿಗ್ಗೆ ಇದೇ ಸರಿ ಅಂದೋರು ನೀವೇ ಅಲ್ವಾ? ಮಗುಗೆ ಒಳ್ಳೇದು ಸಿಕ್ತು ಅಂತ ಹೊಟ್ಟೆಗೆ ಬೆಂಕಿ ಬಿತ್ತಾ? ಆಗ್ಲೇ ಕೂತು ಆಡ್ತಿದ್ದಾನೆ. ನಿಮ್ಮ ಕಣ್ಣು ಬೀಳೋದು ಬೇಡ, ಹೋಗಿ."

ಬಾಗಿಲು ಮುಚ್ಚತೊಡಗಿತು. ಸಿಡಿಲಕ್ಕ ಸಂದಿಯಲ್ಲಿ ಪಾದ ಇಟ್ಟಳು. ಬಾಗಿಲು ಪಾದದ ಮೇಲೆ ಒತ್ತಿತು, ಪ್ರಾಣ ಹೋಗುವಂತೆ ನೋಯಿತು, ತೆಗೆಯಲಿಲ್ಲ. ಇವಳು ನಂಬುವಂಥ ಮಾತು ಒಂದೇ ಇದೆ, ಅದನ್ನು ಹೇಳಿದರೆ ಈ ಮನೆಯ ಋಣ ಇಲ್ಲಿಗೆ ಹರಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಬೇಕೂಂತಲೇ ಕೊಟ್ಟೆ ಕಣೇ" ಅಂದಳು. "ಬೇರೆ ಯಾರು ಕೇಳಿದ್ರೂ ಉಗಿದು ಕಳಿಸ್ತಿದ್ದೆ. ನಿನ್ನ ಮೇಲಿನ ಹಗೆಗೆ ಬಾಯಿ ಮುಚ್ಕೊಂಡೆ. ಗೊತ್ತಿದ್ದೂ ಕೊಟ್ಟೆ. ಬೈಯೋದಿದ್ರೆ ಆಮೇಲೆ ಬೈಕೋ, ಮೊದಲು ಅವನ ಮುಂದಿಂದ ಅದನ್ನ ತೆಗಿ!"

ತಮ್ಮನ ಹೆಂಡತಿ ಬಾಗಿಲು ಬಿಟ್ಟಳು. ಒಳಗೆ ಓಡಿದಳು. ಏನೇನೋ ಬಾಚಿದ ಸದ್ದು, ಸರಪಳಿ ಕಳಚಿದ ಸದ್ದು, ಮರುಕ್ಷಣ ಡಬ್ಬಿ ಹಾರಿಬಂದು ಸಿಡಿಲಕ್ಕನ ಎದೆಗೆ ಬಡಿಯಿತು. ತುಂಡುಗಳೆಲ್ಲ ಮೆಟ್ಟಿಲ ಮೇಲೆ ಉರುಳಿದವು.

"ನೀವೇನು ಮನುಷ್ಯರಾ? ನನ್ನ ಮೇಲೆ ಕೋಪ ಇದ್ರೆ ನನಗೆ ಹೊಡೀಬೇಕಿತ್ತು! ಮಗುವಿನ ಮೇಲೆ ತೀರಿಸ್ಕೊಳ್ತೀರಾ? ಥೂ!" ಬಾಗಿಲು ಧಡಾರೆಂದು ಮುಚ್ಚಿತು.

ಎದುರು ಮನೆಯವರು ಇಣುಕಿದರು. ಸಿಡಿಲಕ್ಕ ಮಂಡಿಯೂರಿ ಒಂದೊಂದೇ ತುಂಡು ಆರಿಸತೊಡಗಿದಳು. ಆ ಡಬ್ಬಿಯೊಳಗೆ ಒಂದೊಂದು ತುಂಡಿಗೂ ಒಂದೊಂದು ಗುಳಿ ಇರುತ್ತದೆ. ಗುಳಿ ತುಂಬುತ್ತಾ ಬಂದಳು. ಕಂಬ ಕೂತಿತು, ಕೊಕ್ಕೆ ಕೂತಿತು, ಹಲಗೆಗಳು ಕೂತವು. ಕೊನೆಗೆ ಚಕ್ರದ ಗುಳಿಯೊಂದು ಖಾಲಿ ಉಳಿಯಿತು. ಮೆಟ್ಟಿಲ ಮೂಲೆ, ಕಸದ ಬುಟ್ಟಿಯ ಹಿಂದೆ, ಚಪ್ಪಲಿಗಳ ಒಳಗೆ ಕೈಯಾಡಿಸಿದಳು. ಇಲ್ಲ. ಎರಡೂ ಮುಷ್ಟಿಯಿಂದ ಬಾಗಿಲು ಬಡಿದಳು.

"ಒಂದು ಚಕ್ರ ಇಲ್ಲ! ಒಳಗೇ ಇದೆ!"

"ಹೋಗ್ತೀರೋ, ಪೊಲೀಸರಿಗೆ ಫೋನ್ ಮಾಡ್ಲೋ?"

"ಮಾಡೇ! ಅದಕ್ಕೆ ಮುಂಚೆ ಅವನ ಬಾಯಿ ತೆಗೆಸಿ ನೋಡು! ನಿನ್ನ ಕಾಲಿಗೆ ಬೀಳ್ತೀನಿ, ನೋಡೇ!"

ಒಳಗೆ ಹೆಜ್ಜೆಗಳು ಓಡಿದ ಸದ್ದು. ಸಿಡಿಲಕ್ಕ ಬಾಗಿಲಿಗೆ ಕಿವಿ ಹಚ್ಚಿ ನಿಂತಳು. ಏನೂ ಕೇಳಲಿಲ್ಲ. ಅವಳು ದೇವರನ್ನು ನೆನೆಯುವವಳಲ್ಲ, ಆ ಹೊತ್ತಿನಲ್ಲಿ ಸಿಕ್ಕಸಿಕ್ಕ ದೇವರನ್ನೆಲ್ಲ ಕರೆದಳು.

ಬಾಗಿಲು ಒಂದು ಗೇಣು ತೆರೆಯಿತು. ಒಂದು ಕೈ ಹೊರಬಂತು. ಸಿಡಿಲಕ್ಕನ ಅಂಗೈಗೆ ಚಕ್ರ ಬಿತ್ತು. ಅದು ಜೊಲ್ಲಿನಿಂದ ಒದ್ದೆಯಾಗಿತ್ತು, ಇನ್ನೂ ಬೆಚ್ಚಗಿತ್ತು.

"ಕೆನ್ನೆ ಒಳಗೆ ಇಟ್ಕೊಂಡಿದ್ದ" ಅಂದಳು ತಮ್ಮನ ಹೆಂಡತಿ. ಇಬ್ಬರೂ ಆ ಸಂದಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಅವಳು ಹೇಳಿದಳು: "ನಿಮ್ಮ ತಮ್ಮನಿಗೆ ಎಲ್ಲಾ ಹೇಳ್ತೀನಿ. ಇನ್ನು ಯಾವತ್ತೂ ಈ ಕಡೆ ಬರ್ಬೇಡಿ."

"ಬರಲ್ಲ" ಅಂದಳು ಸಿಡಿಲಕ್ಕ.

ಅಗುಳಿ ಬಿತ್ತು. ದೊಡ್ಡ ಬ್ಲಾಕ್ಸಿನ ಡಬ್ಬಿ ಬಾಗಿಲ ಹೊರಗೇ ಉಳಿಯಿತು. ಅವಳು ಮೆಟ್ಟಿಲ ಮೇಲೇ ಕೂತಳು. ಅಷ್ಟರಲ್ಲಿ ಒಳಗಿನಿಂದ ಅಳು ಕೇಳಿಸಿತು. ಕೈಯಲ್ಲಿದ್ದುದನ್ನು, ಬಾಯಲ್ಲಿದ್ದುದನ್ನು ಕಿತ್ತುಕೊಂಡ ಸಿಟ್ಟಿಗೆ ಹುಡುಗ ಕಟ್ಟಡವೇ ಹಾರಿಹೋಗುವಂತೆ ಕಿರುಚುತ್ತಿದ್ದ. ಎದುರು ಮನೆಯವರು ಸಹಿಸಲಾರದೆ ಕಿಟಕಿ ಮುಚ್ಚಿಕೊಂಡರು. ಸಿಡಿಲಕ್ಕ ಅಲ್ಲೇ ಕೂತು ಅಷ್ಟೂ ಅಳುವನ್ನು ಕೇಳಿದಳು. ಹಾಗೆ ಅಳುವ ಮಗುವಿನ ಗಂಟಲಲ್ಲಿ ಏನೂ ಸಿಕ್ಕಿಕೊಂಡಿರುವುದಿಲ್ಲ.