ಕೋಳಿಸಾರಿನ ಪಾಠಾಂತರಗಳು

ಅಡುಗೆಮನೆಯ ಗೂಡಿನಲ್ಲಿಟ್ಟ ಕಾಗದ ಯಾವುದೇ ಇರಲಿ, ಆರು ತಿಂಗಳಲ್ಲಿ ಅದಕ್ಕೆ ಒಂದೇ ಬಣ್ಣ ಬರುತ್ತದೆ. ಮದುವೆಯ ಕರೆಯೋಲೆಯ ಹಿಂಬದಿ, ಕ್ಯಾಲೆಂಡರಿನ ಹರಿದ ಹಾಳೆ, ವಾರಪತ್ರಿಕೆಯಿಂದ ಕತ್ತರಿಸಿದ ತುಂಡು, ನಾನು ತಿದ್ದಿ ಮುಗಿಸಿದ ಉತ್ತರಪತ್ರಿಕೆ, ಎಲ್ಲವೂ ಎಣ್ಣೆ ಅರಿಸಿನಗಳ ಕೃಪೆಯಿಂದ ಕುಲಗೋತ್ರ ಮರೆತು ಹಳದಿಯಾಗುತ್ತವೆ. ನಮ್ಮ ಮನೆಯ ಪಾಕಶಾಸ್ತ್ರವೆಲ್ಲ ಇಂಥ ಚೀಟಿಗಳಲ್ಲಿತ್ತು. ಒಂದನ್ನು ಎಳೆದರೆ ಹತ್ತು ಉದುರುತ್ತಿದ್ದವು. ಬೇಕಾದದ್ದು ಮಾತ್ರ ಉದುರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಲ್ದೂರಿನ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ನನ್ನವರು ಮಲ್ಲಂದೂರಿನ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಮನೆಯಲ್ಲಿ ನಮ್ಮಿಬ್ಬರ ಜೊತೆ ನನ್ನ ಅತ್ತೆ ಶೇಷಮ್ಮ. ರುಬ್ಬುವುದು, ತೊಳೆಯುವುದು ನನ್ನ ಪಾಲು. ಒಗ್ಗರಣೆ ಮತ್ತು ಕೀರ್ತಿ ಅತ್ತೆಯ ಪಾಲು. ಹಗಲಿನ ಪಾಠ, ಎರಡು ಹೊತ್ತಿನ ಪಾಕ, ಇವೆರಡರ ವಿಪಾಕವಾಗಿ ನಾನು ಸದಾ ದಣಿದೇ ಇರುತ್ತಿದ್ದೆ. ಎಷ್ಟು ದಣಿವೆಂದರೆ, ಊಟಕ್ಕೆ ಕೂತರೂ ನನ್ನ ಕಿವಿ ಶಾಲೆಯ ಗಂಟೆಯ ಕಡೆಗೇ ಇರುತ್ತಿತ್ತು. ತಟ್ಟೆಯಲ್ಲಿ ಏನಿತ್ತೆಂದು ಸಂಜೆಗೆ ಯಾರಾದರೂ ಕೇಳಿದ್ದರೆ ಉತ್ತರಿಸುವುದು ಕಷ್ಟವಾಗುತ್ತಿತ್ತು.

ಅತ್ತೆಯ ಕೋಳಿಸಾರು ಬೀದಿಯಲ್ಲೆಲ್ಲ ಪ್ರಸಿದ್ಧ. ಆದರೆ ಅವರು ಅದರ ಗುಟ್ಟು ಬಿಟ್ಟುಕೊಟ್ಟವರಲ್ಲ. ಯಾರಾದರೂ ಕೇಳಿದರೆ ಗಸಗಸೆಯೊಂದನ್ನು ನುಂಗಿಕೊಂಡು ಉಳಿದದ್ದನ್ನೆಲ್ಲ ಉದಾರವಾಗಿ ಹೇಳುತ್ತಿದ್ದರು. ಪಕ್ಕದ ಮನೆಯ ಜೈಬುನ್ನಮ್ಮ, ಜೀಪು ರಿಪೇರಿಯ ಶೆಡ್ಡಿನವರ ಹೆಂಡತಿ, ತಮ್ಮ ತುಪ್ಪದನ್ನದ ವಿಧಾನವನ್ನು ಬರೆಸಿ ಕೊಟ್ಟು ಪ್ರತಿಯಾಗಿ ಈ ಗಸಗಸೆರಹಿತ ಜ್ಞಾನವನ್ನು ನಗುತ್ತಲೇ ಸ್ವೀಕರಿಸಿದ್ದರು. ಅವರು ಕೊಟ್ಟದ್ದರಲ್ಲಿ ಏನನ್ನು ನುಂಗಿಕೊಂಡಿದ್ದರೋ ನಾನು ಬಲ್ಲವಳಲ್ಲ.

ಇಂಥ ಅತ್ತೆ ಒಂದು ದಿನ ತಾವಾಗಿಯೇ ಬಂದು, ತಮಗೆ ಬರುವುದನ್ನೆಲ್ಲ ಹೇಳುತ್ತೇನೆ, ಚೀಟಿಗಳನ್ನೂ ಸೇರಿಸಿ ಒಂದು ಪುಸ್ತಕದಲ್ಲಿ ಬರೆದಿಡು ಎಂದರು. ನಾನು ಸಂತೋಷಪಡಬೇಕಿತ್ತು. ಪಟ್ಟದ್ದು ಸಂಕಟ. ತಿದ್ದಬೇಕಾದ ಉತ್ತರಪತ್ರಿಕೆಗಳ ರಾಶಿಯ ಮೇಲೆ ಇದೂ ಒಂದು ಹೊರೆಯೇ ಎನಿಸಿತು. ಆದರೂ ದಪ್ಪನೆಯದೊಂದು ನೋಟುಪುಸ್ತಕ ತಂದು, ಉಪಾಧ್ಯಾಯಿನಿಯ ಚಾಳಿಯಂತೆ ಅಧ್ಯಾಯಗಳನ್ನು ವಿಂಗಡಿಸಿದೆ. ಸಾರು, ಪಲ್ಯ, ಉಪ್ಪಿನಕಾಯಿ ಎಂದು ಗೆರೆ ಹಾಕಿದ ಮೇಲೆ ಎಳೆಬಿದಿರಿನ ಕಳಲೆ ಪಲ್ಯಕ್ಕೂ ಸೇರುತ್ತದೆ, ಉಪ್ಪಿನಕಾಯಿಗೂ ಸೇರುತ್ತದೆ ಎಂದು ಹೊಳೆದು ಒಂದು ಸಂಜೆ ಅದರಲ್ಲೇ ಕಳೆಯಿತು.

ಮುಖ್ಯ ತೊಡಕು ಕೋಳಿಸಾರಿನದು. ಮೊದಲ ಸಲ ಕೊತ್ತಂಬರಿ ಎರಡು ಹಿಡಿ ಎಂದರು. ವಾರ ಬಿಟ್ಟು ಓದಿ ಹೇಳಿದಾಗ, ಇಲ್ಲ, ಒಂದೇ ಹಿಡಿ ಎಂದರು. ಮೂರನೆಯ ಸಲ ಹಿಡಿಯ ಮಾತೇ ಬಿಟ್ಟು, ಮೊದಲಿಲ್ಲದ ಜಾಯಿಕಾಯಿ ತಂದರು. ನಾನು ಹಳಗನ್ನಡ ಓದಿದ ಅಹಂಕಾರದಲ್ಲಿ ಪುಟದ ಅಂಚಿನಲ್ಲಿ ‘ಪಾಠಾಂತರ’ ಎಂದು ಬರೆದುಕೊಂಡೆ. ಕೊನೆಗೆ ಸಹನೆ ತಪ್ಪಿ, ದಿನಕ್ಕೊಂದು ಹೇಳಿದರೆ ಯಾವುದನ್ನು ನಂಬಲಿ, ನನಗೂ ಬೇರೆ ಕೆಲಸವಿದೆ ಎಂದುಬಿಟ್ಟೆ. ಅತ್ತೆ ಎದ್ದು ಹೋಗಿ ಒಲೆಯ ಬೂದಿ ತೆಗೆಯತೊಡಗಿದರು. ಒಲೆಯಲ್ಲಿ ಆಗ ಬೂದಿಯೇ ಇರಲಿಲ್ಲ.

ಮಾಡಿಯೇ ನೋಡೋಣ, ಅಳೆದು ಬರೆದುಕೊಳ್ಳುತ್ತೇನೆ ಎಂದು ಭಾನುವಾರ ಕೋಳಿ ತರಿಸಿದೆ. ಮಸಾಲೆ ರುಬ್ಬಿ ಕೊಟ್ಟು, ಸಾರು ಕುದಿಯುವಷ್ಟರಲ್ಲಿ ಬಟ್ಟೆ ಹಿಂಡಿ ಬರೋಣವೆಂದು ಹಿತ್ತಿಲಿಗೆ ಹೋದೆ. ಸ್ವಲ್ಪ ಹೊತ್ತಿಗೆಲ್ಲ ಸೀದ ವಾಸನೆ ಹಿತ್ತಿಲವರೆಗೂ ಬಂತು. ಅತ್ತೆ ಎಲ್ಲೋ ಹೋಗಿರಬೇಕೆಂದು ಓಡಿ ಬಂದೆ. ಅವರು ಎಲ್ಲಿಗೂ ಹೋಗಿರಲಿಲ್ಲ. ಪಾತ್ರೆಯ ಪಕ್ಕದಲ್ಲೇ ಸೌಟು ಹಿಡಿದು, ಏನೂ ಆಗದವರಂತೆ ನಿಂತಿದ್ದರು.

ನಾನು ಪಾತ್ರೆ ಇಳಿಸಿದೆ. “ಅತ್ತೆ, ತಳ ಹಿಡಿದದೆ. ವಾಸನೆ ಬರ್ಲಿಲ್ವಾ ನಿಮಗೆ?”

ಅವರು ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು. “ಹೋದ ಮಳೆಗಾಲದ ಜ್ವರದಲ್ಲೇ ಹೋಯ್ತು ಕಣೇ. ವಾಸನೆನೂ ಇಲ್ಲ, ರುಚಿನೂ ಇಲ್ಲ. ಏನು ತಿಂದ್ರೂ ಮಣ್ಣು.”

ಅಲ್ಲಿಯೇ ಮಣೆಯ ಮೇಲೆ ಕುಳಿತು ಉಳಿದದ್ದನ್ನು ಹೇಳಿದರು. ವರ್ಷಕ್ಕೆ ಸಮೀಪವಾಗಿ ಅವರು ಅಡುಗೆ ಮಾಡುತ್ತಿದ್ದದ್ದು ಅಭ್ಯಾಸಬಲದಿಂದ, ಮತ್ತು ಮಗನ ಮುಖ ನೋಡಿ. ನನ್ನವರು ಮೊದಲ ತುತ್ತಿಗೆ ಹುಬ್ಬು ಗಂಟಿಕ್ಕಿದರೆ ಮಾರನೆಯ ದಿನ ಉಪ್ಪು ಕಡಿಮೆ. ಮಜ್ಜಿಗೆಯನ್ನು ಬೇಗ ಕೇಳಿದರೆ ಖಾರ ಕಡಿಮೆ. ಅಳತೆ ತಪ್ಪುತ್ತಿದ್ದದ್ದೂ ಇದರಿಂದಲೇ: ರುಚಿ ನೆನಪಾದರೆ ತಾನೆ ಅಳತೆ ನೆನಪಾಗುವುದು ಎಂದರು. ಪೂರ್ತಿ ಮರೆಯುವ ಮೊದಲು ಬರೆಸಿಬಿಡಬೇಕೆಂದು ಅವರಿಗೆ ಅವಸರ.

“ನನ್ನ ಮುಖ ನೋಡ್ತಿರ್ಲಿಲ್ವಾ?” ಎಂದು ಕೇಳಿದೆ.

“ನೋಡ್ತಿದ್ದೆ. ನಿನ್ನ ಮುಖದಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ.”

ಅದರಲ್ಲಿ ಆಕ್ಷೇಪಣೆಯ ಸೊಲ್ಲೂ ಇರಲಿಲ್ಲ, ಇದ್ದಿದ್ದರೆ ವಾದಿಸಬಹುದಿತ್ತು. ಮಗನಿಗೆ ಹೇಳಬೇಡವೆಂದು ಮಾತ್ರ ಬೇಡಿಕೊಂಡರು. ಒಲೆ ಬಿಟ್ಟರೆ ಈ ಮನೆಯಲ್ಲಿ ತನಗೆ ಕೂರಲು ಜಾಗ ಯಾವುದು ಎಂಬುದು ಅವರ ಭಯ. ಅದನ್ನವರು ಬಾಯಿಬಿಟ್ಟು ಹೇಳಲಿಲ್ಲ. ಸೆರಗಿನಿಂದ ಸೌಟನ್ನು ಮತ್ತೆ ಮತ್ತೆ ಒರೆಸುತ್ತಿದ್ದರು.

ಮುಂದಿನ ಭಾನುವಾರದಿಂದ ಕೈ ಅವರದು, ನಾಲಗೆ ನನ್ನದು. ನನ್ನದೋ ಬಹಳ ಅಪ್ರಯೋಜಕ ನಾಲಗೆ. ವರ್ಷಗಟ್ಟಲೆ ನುಂಗಿದವಳಿಗೆ ಸವಿಯುವುದು ಎಲ್ಲಿಂದ ಬಂದೀತು? ಚೆನ್ನಾಗಿದೆ ಎಂದರೆ ಅವರಿಗೆ ಸಾಲದು. ಹುಳಿ ಒಳಗೆ ಸೇರಿದೆಯೋ ಮೇಲೆ ನಿಂತಿದೆಯೋ, ಕೊತ್ತಂಬರಿ ಹಸಿಯೋ ಹದವೋ ಎಂದು ವಿಚಾರಿಸುವರು. ಮಕ್ಕಳಿಗೆ ನವರಸ ವಿವರಿಸುತ್ತಿದ್ದ ನಾನು ಷಡ್ರಸದ ಮುಂದೆ ತಬ್ಬಿಬ್ಬಾಗಿ ನಿಲ್ಲುತ್ತಿದ್ದೆ. ಎರಡು ಭಾನುವಾರಗಳ ಸಾರು ಬರೀ ಸಾರಾಗಿಯೇ ಉಳಿಯಿತು. ನನ್ನವರು ಮಾತ್ರ, ಇದೇನು ವಾರವಾರವೂ ಕೋಳಿ ಎಂದು ಆಶ್ಚರ್ಯಪಡುತ್ತ, ಕಾರಣ ಕೇಳದೆ ಉಂಡರು.

ಮೂರನೆಯ ಸಲ ಅತ್ತೆ ಅಂಗೈಗೆ ಹೊಯ್ದ ಸಾರನ್ನು, ಕಣ್ಣು ಮುಚ್ಚಿ, ಅವಸರವಿಲ್ಲದೆ ನೆಕ್ಕಿದೆ.

“ಖಾರ ಎಲ್ಲಿ ತಾಗ್ತದೆ?”

“ನಾಲಗೆ ತುದೀಲಿ ಇಲ್ಲ ಅತ್ತೆ. ಹಿಂದೆ. ನುಂಗಿದ ಮೇಲೆ ಗಂಟಲಲ್ಲಿ ಸ್ವಲ್ಪ ಹೊತ್ತು ಉಳೀತದೆ.”

ಅತ್ತೆಯ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿದ್ದು ಕಂಡಿತು. ಏನನ್ನೋ ನುಂಗಿದವರ ಹಾಗೆ.

“ಹ್ಞಾ. ಅದೇ,” ಎಂದರು. “ಬರ್ಕೊ.”