ಹೊನ್ನಾಳಿ ಬಸ್ಸಿಗೆ ಒಬ್ಬಳೇ

ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹೊನ್ನಾಳಿಯ ವಿಶೇಷ ಮಕ್ಕಳ ಶಾಲೆಗೆ ನೆರವಾಗಲು ಹೋಗುತ್ತಿದ್ದೆ. ನ್ಯಾಮತಿಯಿಂದ ತಾಯಿಯ ಜೊತೆ ಬರುತ್ತಿದ್ದ, ಕಲಿಕೆಯಲ್ಲಿ ನಿಧಾನವಾಗಿದ್ದ ಹುಡುಗಿಯೊಬ್ಬಳಿಗೆ ಬಸ್ಸಿನ ಬೋರ್ಡು ಓದುವುದನ್ನು ತಿಂಗಳುಗಟ್ಟಲೆ ಕಲಿಸಿದೆ. ಅವಳು ಮೊದಲ ಸಲ ಒಬ್ಬಳೇ ಹೊರಟ ಬೆಳಿಗ್ಗೆ, ನ್ಯಾಮತಿ ನಿಲ್ದಾಣದ ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದೆ.

ಶಿವಮೊಗ್ಗದ ಬಸ್ಸು ಬಂತು. "ಹತ್ತಮ್ಮ, ಸೀಟು ಐತೆ," ಎಂದ ಅದರ ಕಂಡಕ್ಟರ್. ನಾನು ಕಂಬದ ಮರೆಯಿಂದ ಇಣುಕಿದೆ.

ಅವಳು ಬೋರ್ಡು ನೋಡಿದಳು. "ಇದು ಶಿವಮೊಗ್ಗದ್ದು ರೀ. ನಾನು ಹೊನ್ನಾಳಿಗೆ ಹೋಗಾಕೆ ನಿಂತೀನಿ."

ಹೊನ್ನಾಳಿ ಬಸ್ಸು ಬಂದಾಗ ತಾನೇ ಹತ್ತಿ ಕಿಟಕಿ ಪಕ್ಕ ಕೂತಳು. ಆಗ ನಾನು ಅವಳ ಕಣ್ಣಿಗೆ ಬಿದ್ದೆ.

"ಅಜ್ಜಾ, ನೀವ್ಯಾಕೆ ಬಂದ್ರಿ? ಮನೆಗೆ ನಡೀರಿ!"

ಬಸ್ಸು ಹೊರಟಿತು. ನಾನು ಶಾಲೆಗೆ ಫೋನ್ ಮಾಡಿ, "ಒಬ್ಬಳೇ ಬರ್ತಾ ಇದಾಳೆ ರೀ!" ಎಂದು ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದೆ.