ಕಾಸಿ ನೀರಾಗ ಅದ್ದಿದ ಹಿತ್ತಾಳಿ

ಬೈಲಹೊಂಗಲದಾಗ ನಂದೊಂದು ಲೇಥ್ ಐತಿ. ಜೀವನ ಎಲ್ಲಾ ಕಬ್ಬಿಣದ ಕೂಡನ ಹೋಗೇತಿ. ಕಿತ್ತೂರಿನ ರಿಟೈರ್ಡ್ ಸುಬೇದಾರರೊಬ್ಬರು ಒಮ್ಮೆ ಖಾಲಿ ತೋಟಾದ ಹನ್ನೆರಡು ಹಿತ್ತಾಳಿ ಕೊಳವಿ ತಂದ್ರು. ಅವರ ಲೈಸೆನ್ಸ್ ರೈಫಲ್ಲಿನ ತೋಟಾ ಈಗ ಎಲ್ಲೂ ಸಿಗಂಗಿಲ್ಲಂತ. ಇವು ಬ್ಯಾರೆ ರೈಫಲ್ಲಿನವು, ಅಚ್ಚಿನಾಗ ಒತ್ತಿ ಕುತ್ತಿಗಿ ಸಣ್ಣ ಮಾಡಿಕೊಡ್ರಿ ಅಂದ್ರು. ಮೊದಲಿನ ಮೂರೂ ಒತ್ತೂದರಾಗ ಸೀಳಿದ್ವು.

ಬಾಜೂಕ ಹಂಡೇಕ್ಕ ಕಲಾಯಿ ಹಾಕಾಕತ್ತಿದ್ದ ಸಾಬರು ಅದನ್ನ ನೋಡಿ, ಒಂದು ಕೊಳವಿ ಇಸಗೊಂಡ್ರು. ಬಾಯಿ ಅಷ್ಟ ಕಾಸಿ ಬಕೀಟಿನ ಮ್ಯಾಲೆ ಹಿಡದ್ರು. ಕಾಸಿದ ಉಕ್ಕು ನೀರಿಗೆ ಬಿದ್ರ ಬಿರುಸಾಗತೈತಿ ಅಂತ ತಿಳದಾಂವ ನಾನು, ಅವರ ರಟ್ಟಿ ಹಿಡದೆ.

"ಬ್ಯಾಡ್ರಿ, ಇನ್ನೂ ಬಿರುಸಾಗತೈತಿ."

"ಯಾರು ಹೇಳ್ಯಾರ್ರಿ ನಿಮಗ? ಕಾಸಿದ ಹಿತ್ತಾಳಿ ನೀರಾಗ ಅದ್ದಿದ್ರೂ ಮೆತ್ತಗ ಇರತೈತಿ."

ಸಾಬರು ಅದ್ದೇ ಬಿಟ್ರು, ಚುಂಯ್ ಅಂತು. ಅಚ್ಚಿನಾಗ ಇಟ್ಟು ಒತ್ತಿದೆ, ಸಪ್ಪಳಿಲ್ಲದಂಗ ಕುತ್ತಿಗಿ ಸಣ್ಣಾತು. ಉಳಿದ ಎಂಟನ್ನೂ ಹಂಗ ಕಾಸಿ ಅದ್ದಿ ಒತ್ತಿದೆ, ಒಂದೂ ಸೀಳಲಿಲ್ಲ.

ಮಜೂರಿ ಏನು ಕೊಡಲಿ ಅಂತ ನಾ ಕೇಳಿದ್ರ, ಸಾಬರು ತಮ್ಮ ಉಕ್ಕಿನ ಚಾಣ ಮುಂದ ಹಿಡದ್ರು. ತುದಿ ಪದೇ ಪದೇ ಮಣೀತೈತಂತ. ನಾನು ಅದನ್ನ ಕೆಂಪಗ ಕಾಸಿ ನೀರಾಗ ಅದ್ದಾಕ ಹೋದೆ.

"ಬ್ಯಾಡ್ರಿ, ಇನ್ನೂ ಮೆತ್ತಗಾಗತೈತಿ" ಅಂತ ಸಾಬರು ನನ್ನ ರಟ್ಟಿ ಹಿಡದ್ರು, ಅದ ಬಕೀಟಿನ ಮ್ಯಾಲೆ.